ಉರಿವ ಮನೆಯ ಗಳ ಹಿರಿಯುವವರು

ಭೂಕಂಪ, ನೆರೆ, ಚಂಡಮಾರುತದ ಸುದ್ದಿ ಬಂದ ಬೆನ್ನಿಗೇ ಇನ್‌ಬಾಕ್ಸ್‌ಗೆ ಬಂದು ಬೀಳುವ ‘ಸಂತ್ರಸ್ತರಿಗೆ ನೆರವಾಗಿ’ ಎಂಬ ಇಮೇಲ್‌ಗಳ ಬಗ್ಗೆ ಓದುಗರು ಸಾಕಷ್ಟು ಪ್ರಶ್ನೆ ಕಳುಹಿಸಿದ್ದಾರೆ. ಈ ಸಲದ ಅಂಕಣ ಅವಕ್ಕೇ ಮೀಸಲು. ಒಂದೇ ಧಾಟಿಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ದುರಂತ ನಡೆದದ್ದು ನಿಜ. ಮೇಲ್‌ನಲ್ಲಿರುವ ಫೋಟೊ ನಿಜ. ಕೆಳಗೆ ಹಾಕಿರುವ ಸಂಸ್ಥೆಯ ಹೆಸರು, ಲಾಂಛನ ಕೂಡ ನಿಜ. ಹಾಗಿದ್ದರೆ ಮೋಸ ಇರುವುದೆಲ್ಲಿ?

ಉತ್ತರ: ಹಣ ಹೋಗಿ ಸೇರುವ ಜಾಗದಲ್ಲಿ. ಉಳಿದದ್ದೆಲ್ಲ ನಿಜವಾಗಿದ್ದಷ್ಟೂ ವಂಚಕನಿಗೆ ಅನುಕೂಲ. ಅವನು ಹೇಳಬೇಕಾದ ಸುಳ್ಳು ಒಂದೇ ಒಂದು: ಈ ಖಾತೆ ಸಂತ್ರಸ್ತರದ್ದು ಎನ್ನುವುದು. ‘ಇಂಥ ದುರಂತ ನಡೆದಿದೆಯೇ’ ಎಂದು ಹುಡುಕಿ ನೋಡಿ, ನಡೆದಿದೆ ಎಂದು ಗೊತ್ತಾದ ಮೇಲೆ ಸಮಾಧಾನದಿಂದ ಹಣ ಕಳಿಸುವವರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಅವರು ಪರೀಕ್ಷಿಸಿದ್ದು ಸುದ್ದಿಯನ್ನು, ಖಾತೆಯನ್ನಲ್ಲ.

ಲಾಟರಿ ಮೋಸದಲ್ಲಿ ಆಸೆ ಹುಟ್ಟಿಸಬೇಕು. ಬ್ಯಾಂಕ್ ಹೆಸರಿನ ಮೋಸದಲ್ಲಿ ಹೆದರಿಸಬೇಕು. ಇಲ್ಲಿ ಮನಸ್ಸು ಕರಗಿಸುವ ಕೆಲಸವನ್ನು ಟಿವಿ ಸುದ್ದಿಯೇ ಮಾಡಿ ಮುಗಿಸಿರುತ್ತದೆ. ಇನ್ನೂ ಒಂದು ಅನುಕೂಲವಿದೆ. ಆನ್‌ಲೈನ್‌ನಲ್ಲಿ ಸಾಮಾನು ಕೊಂಡವರು ಪಾರ್ಸೆಲ್ ಬರದಿದ್ದರೆ ಗಲಾಟೆ ಮಾಡುತ್ತಾರೆ. ದಾನ ಕೊಟ್ಟವರು ಯಾವುದಕ್ಕೂ ಕಾಯುವುದಿಲ್ಲ. ಕೊಟ್ಟು ಮರೆತುಬಿಡುವುದು ಒಳ್ಳೆಯ ಗುಣವೆಂದೇ ನಮಗೆ ಹೇಳಿಕೊಟ್ಟಿದ್ದಾರೆ! ಮೋಸಹೋದ ಎಷ್ಟೋ ಮಂದಿಗೆ ತಾವು ಮೋಸಹೋದದ್ದು ಕೊನೆಯವರೆಗೂ ತಿಳಿಯುವುದಿಲ್ಲ.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಮೆರಿಕದ ಲೂಸಿಯಾನಾ ಕರಾವಳಿಗೆ ಅಪ್ಪಳಿಸಿದಾಗ ಆ ಹೆಸರನ್ನು ಸೇರಿಸಿಕೊಂಡ ಸಾವಿರಾರು ಜಾಲತಾಣಗಳು ಎದ್ದು ನಿಂತವು. ಫ್ಲಾರಿಡಾದ ಒಬ್ಬಾತ ತಾನೇ ವಿಮಾನ ಹಾರಿಸಿ ಔಷಧಿ ಒಯ್ಯುತ್ತಿದ್ದೇನೆ, ಕಾಯಿಲೆಯ ಮಕ್ಕಳನ್ನು ಹೊರಗೆ ತರುತ್ತಿದ್ದೇನೆ ಎಂದು ಮನ ಕಲಕುವಂತೆ ಬರೆದು, ಎರಡು ದಿನಗಳಲ್ಲಿ ಸುಮಾರು 40,000 ಡಾಲರ್ ಎತ್ತಿದ. ಅವನು ಒಂದು ಸಲವೂ ಹಾರಿರಲಿಲ್ಲ. ಇಂಥ ಪ್ರಕರಣಗಳಿಗಾಗಿಯೇ ಅಮೆರಿಕದ ನ್ಯಾಯ ಇಲಾಖೆ ಆ ಸೆಪ್ಟೆಂಬರ್‌ನಲ್ಲಿ ಪ್ರತ್ಯೇಕ ಕಾರ್ಯಪಡೆ ಕಟ್ಟಬೇಕಾಯಿತು. ಅದು ಈಗಲೂ ಇದೆ, ಕೆಲಸವೂ ಕಡಿಮೆಯಾಗಿಲ್ಲ.

ಅಟ್ಲಾಂಟಿಕ್ ಚಂಡಮಾರುತಗಳ ಹೆಸರಿನ ಪಟ್ಟಿಯನ್ನು ವಿಶ್ವ ಹವಾಮಾನ ಸಂಸ್ಥೆ ಮೊದಲೇ ಪ್ರಕಟಿಸಿರುತ್ತದೆ. ಗಾಳಿ ಇನ್ನೂ ಸಮುದ್ರದಲ್ಲಿ ಸುಳಿ ಕಟ್ಟುವ ಮೊದಲೇ ‘ಇಂಥ ಚಂಡಮಾರುತ ನಿಧಿ’ ಎಂಬ ಹೆಸರನ್ನು ಯಾರು ಬೇಕಾದರೂ ನೋಂದಾಯಿಸಿ ಇಟ್ಟುಕೊಳ್ಳಬಹುದು. ಕೂಸು ಹುಟ್ಟುವ ಮುನ್ನ ಕುಲಾವಿ!

ಪ್ರಶ್ನೆ: ಲಿಂಕ್‌ನಲ್ಲಿ ಪ್ರಸಿದ್ಧ ಸಂಸ್ಥೆಯ ಹೆಸರು ಸ್ಪಷ್ಟವಾಗಿಯೇ ಇರುತ್ತದೆ. ಆದರೂ ನಕಲಿ ಎನ್ನುತ್ತಾರೆ. ಓದುವುದು ಹೇಗೆ?

ಉತ್ತರ: ಎಡದಿಂದ ಬಲಕ್ಕೆ ಓದುವ ನಮ್ಮ ಅಭ್ಯಾಸವೇ ಇಲ್ಲಿ ಮುಳುವಾಗುತ್ತದೆ. ಜಾಲತಾಣದ ವಿಳಾಸವನ್ನು ಬಲದಿಂದ ಎಡಕ್ಕೆ ಓದಬೇಕು.

ಮೊದಲು ‘ಎಚ್‌ಟಿಟಿಪಿಎಸ್’ ಮತ್ತು ಎರಡು ಓರೆಗೆರೆಗಳನ್ನು ಬಿಟ್ಟುಬಿಡಿ. ಅಲ್ಲಿಂದ ಮುಂದೆ ಮೊದಲ ಒಂಟಿ ಓರೆಗೆರೆ ಎಲ್ಲಿದೆ ನೋಡಿ. ಅದರಾಚೆ ಇರುವುದೆಲ್ಲ ಬರೀ ಪುಟದ ಹೆಸರು, ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಓರೆಗೆರೆಯ ಎಡಕ್ಕೆ ಉಳಿದ ಭಾಗದಲ್ಲಿ ಕೊನೆಯ ತುಣುಕು (ಡಾಟ್ ಆರ್ಗ್, ಡಾಟ್ ಕಾಮ್ ಇತ್ಯಾದಿ) ಮತ್ತು ಅದರ ಹಿಂದಿನ ಒಂದು ತುಣುಕು, ಇವೆರಡೇ ನಿಜವಾದ ಮಾಲೀಕನನ್ನು ಹೇಳುತ್ತವೆ. ‘ಡಾಟ್ ಕೊ ಡಾಟ್ ಯುಕೆ’ಯಂಥ ಜೋಡಿ ಬಾಲವಿದ್ದರೆ ಹಿಂದಿನ ಮೂರನೆಯ ತುಣುಕನ್ನೂ ಸೇರಿಸಿಕೊಳ್ಳಿ. ‘ರೆಡ್‌ಕ್ರಾಸ್ ಡಾಟ್ ಆರ್ಗ್ ಡಾಟ್ ನೆರವುನಿಧಿ ಡಾಟ್ ಕಾಮ್’ ಎಂದಿದ್ದರೆ ಅದು ‘ನೆರವುನಿಧಿ ಡಾಟ್ ಕಾಮ್’ ಎಂಬುವನ ಮನೆ. ಅವನು ತನ್ನ ಮನೆಯ ಒಂದು ಕೋಣೆಗೆ ರೆಡ್‌ಕ್ರಾಸ್ ಎಂದು ಬೋರ್ಡ್ ಹಾಕಿದ್ದಾನೆ, ಅಷ್ಟೆ. ‘ರೆಡ್‌ಕ್ರಾಸ್-ನೆರವು ಡಾಟ್ ಆರ್ಗ್’ ಎಂದು ಅಡ್ಡಗೆರೆ ಸೇರಿಸಿದರೂ ಅದು ಬೇರೆಯದೇ ತಾಣ. ಓರೆಗೆರೆಗಿಂತ ಮೊದಲು ‘ಅಟ್’ ಚಿಹ್ನೆ ಬಂದಿದ್ದರೆ ಆ ಚಿಹ್ನೆಯ ಎಡಕ್ಕಿರುವುದಕ್ಕೆ ಬೆಲೆಯೇ ಇಲ್ಲ, ಬ್ರೌಸರ್ ಹೋಗುವುದು ಬಲಕ್ಕಿರುವ ವಿಳಾಸಕ್ಕೆ.

ಅಕ್ಷರದಲ್ಲೇ ಆಟವಾಡುವವರೂ ಇದ್ದಾರೆ. ಕನ್ನಡದ ಅನುಸ್ವಾರ ‘ಂ’ ಮತ್ತು ಕನ್ನಡದ ಅಂಕಿ ‘೦’ ನೋಡಲು ಹೇಗೆ ಒಂದೇ ತರಹವೋ, ರಷ್ಯನ್ ಲಿಪಿಯ ಕೆಲವು ಅಕ್ಷರಗಳು ಇಂಗ್ಲಿಷ್ ಅಕ್ಷರಗಳನ್ನು ಹಾಗೇ ಹೋಲುತ್ತವೆ. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಇಂಥ ವಿಳಾಸವನ್ನು ಬ್ರೌಸರ್ ಕೆಲವು ಸಲ ‘ಎಕ್ಸ್‌ಎನ್’ ಎಂಬ ಎರಡಕ್ಷರ, ಅದರ ಪಕ್ಕ ಎರಡು ಅಡ್ಡಗೆರೆ ಹಾಕಿ ವಿಚಿತ್ರವಾಗಿ ತೋರಿಸುತ್ತದೆ. ದೇಣಿಗೆ ಪುಟದಲ್ಲಿ ಹಾಗೆ ಕಂಡರೆ ಮುಚ್ಚಿಬಿಡಿ. ಒಂದಕ್ಷರದ ವ್ಯತ್ಯಾಸಕ್ಕೆ ಅಷ್ಟೆಲ್ಲ ಕಸರತ್ತೂ ಬೇಕಾಗಿಲ್ಲ. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಕೂಡಲೇ ಅದರ ಯುಪಿಐ ಐಡಿಯಿಂದ ಕೊನೆಯ ‘ಎಸ್’ ಒಂದನ್ನು ಕಿತ್ತುಹಾಕಿದ ನಕಲಿ ಐಡಿ ಹರಿದಾಡಿತ್ತು.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಸಲಹೆ ಬೇರೆಯೇ. ಲಿಂಕ್ ಓದುವ ವಿದ್ಯೆ ಕಲಿಯಿರಿ, ಆದರೆ ಅದನ್ನೇ ನಂಬಿ ಹಣ ಕೊಡಬೇಡಿ. ಮೇಲ್ ಮುಚ್ಚಿ, ಹೊಸ ಟ್ಯಾಬ್ ತೆರೆದು, ನಿಮಗೆ ಮೊದಲಿಂದ ಗೊತ್ತಿರುವ ಸಂಸ್ಥೆಯ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಕಾಣುವ ‘ಜಾಹೀರಾತು’ ಎಂಬ ಗುರುತಿನವನ್ನು ಒತ್ತಬೇಡಿ, ಹಣ ಕೊಟ್ಟರೆ ಆ ಜಾಗ ಯಾರಿಗೂ ಸಿಗುತ್ತದೆ.

ಪ್ರಶ್ನೆ: ಬೀಗದ ಚಿತ್ರ ಇದ್ದರೆ ಸುರಕ್ಷಿತ ಅಲ್ಲವೇ? ‘ಡಾಟ್ ಆರ್ಗ್’ ಇದ್ದರೆ ಸೇವಾ ಸಂಸ್ಥೆ ಅಲ್ಲವೇ?

ಉತ್ತರ: ಎರಡೂ ಅಲ್ಲ. ಬೀಗ ಹೇಳುವುದು ನಿಮ್ಮ ಮತ್ತು ಆ ತಾಣದ ನಡುವಿನ ಮಾತನ್ನು ಮೂರನೆಯವರು ಕದ್ದು ಕೇಳಲಾರರು ಎಂದು ಮಾತ್ರ. ಆ ತಾಣವೇ ಕಳ್ಳನದ್ದಾದರೆ, ಕಳ್ಳನ ಜೊತೆ ಗುಟ್ಟಾಗಿ ಮಾತಾಡಿದಂತಾಯಿತು. ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸೇವೆಗಳು 2015ರಿಂದ ಉಚಿತವಾಗಿ ಕೊಡುತ್ತಿವೆ. ಒಳ್ಳೆಯ ಕೆಲಸ, ಆದರೆ ಅದು ಸಚ್ಚಾರಿತ್ರ್ಯದ ಸರ್ಟಿಫಿಕೇಟ್ ಅಲ್ಲ. ‘ಡಾಟ್ ಆರ್ಗ್’ ಕೂಡ ಯಾರು ದುಡ್ಡು ಕೊಟ್ಟರೂ ಸಿಗುತ್ತದೆ. ‘ಡಾಟ್ ಇಂಟ್’ ಎಂಬ ಬಾಲ ಮಾತ್ರ ರಾಷ್ಟ್ರಗಳ ಒಪ್ಪಂದದಿಂದ ಹುಟ್ಟಿದ ಸಂಸ್ಥೆಗಳಿಗೆ ಮೀಸಲು.

ತಾಣದ ಹುಟ್ಟಿದ ದಿನ ನೋಡುವುದು ಇದಕ್ಕಿಂತ ಉಪಯುಕ್ತ. ‘ಲುಕಪ್ ಡಾಟ್ ಐಕ್ಯಾನ್ ಡಾಟ್ ಆರ್ಗ್’ಗೆ ಹೋಗಿ ಡೊಮೇನ್ ಹೆಸರು (ವಿಳಾಸದಲ್ಲಿ ಮಾಲೀಕನನ್ನು ಹೇಳುವ, ಮೇಲೆ ವಿವರಿಸಿದ ಆ ಕೊನೆಯ ತುಣುಕುಗಳು) ಕೊಡಿ. ಮಾಲೀಕರ ಹೆಸರು 2018ರಿಂದೀಚೆಗೆ ಬಹುಪಾಲು ಮುಚ್ಚಿರುತ್ತದೆ, ನೋಂದಣಿಯ ದಿನಾಂಕ ಮಾತ್ರ ಕಾಣುತ್ತದೆ. ‘25 ವರ್ಷಗಳಿಂದ ಸೇವೆಯಲ್ಲಿ’ ಎನ್ನುವ ಸಂಸ್ಥೆಯ ತಾಣ ಭೂಕಂಪದ ಮರುದಿನ ಹುಟ್ಟಿದ್ದರೆ ಮುಂದೆ ಕೇಳಬೇಕಾದದ್ದೇನೂ ಇಲ್ಲ. ಆದರೆ ದಿನಾಂಕ ಹಳೆಯದಾಗಿದೆ ಎಂದ ಮಾತ್ರಕ್ಕೆ ನಂಬಬೇಡಿ. ಅವಧಿ ಮುಗಿದ ಹಳೆಯ ಡೊಮೇನ್‌ಗಳನ್ನು ಕೊಂಡು ಬಳಸುವುದೂ ಈ ಕಸುಬಿನ ಭಾಗ.

ಪ್ರಶ್ನೆ: ಮೇಲ್‌ನ ಹೆಡರ್ ನೋಡಿ ಅಸಲಿಯೋ ನಕಲಿಯೋ ಹೇಳಬಹುದಂತೆ. ಕಂಪ್ಯೂಟರ್ ಓದದವರಿಗೂ ಅರ್ಥವಾಗುವಂತೆ ತಿಳಿಸಿ.

ಉತ್ತರ: ಅಂಚೆಯ ಲಕೋಟೆಯ ಮೇಲೆ ಕಳುಹಿಸಿದವರ ಹೆಸರನ್ನು ಯಾರು ಏನು ಬೇಕಾದರೂ ಬರೆಯಬಹುದು. ಅಂಚೆ ಕಚೇರಿಯ ಮುದ್ರೆಯನ್ನು ಬರೆಯಲಾಗದು. ಹೆಡರ್‌ನಲ್ಲಿ ಹಾಗೆ ಬರೆದ ಹೆಸರೂ ಇರುತ್ತದೆ, ಅಂಥ ಮುದ್ರೆಗಳ ಸಾಲೂ ಇರುತ್ತದೆ.

ಜಿಮೇಲ್ ಆದರೆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಮೇಲ್ ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆಯ್ದುಕೊಳ್ಳಿ. ಮೊಬೈಲ್ ಆ್ಯಪ್‌ನಲ್ಲಿ ಇದು ಸಿಗುವುದಿಲ್ಲ. ಅಲ್ಲಿ ಕಳುಹಿಸಿದವರ ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸವನ್ನಾದರೂ ನೋಡಬಹುದು. ಬರೀ ಹೆಸರು ನಂಬಿಕೆಗೆ ಅರ್ಹವಲ್ಲ.

ತೆರೆದ ಪುಟದಲ್ಲಿ ‘ಫ್ರಮ್’ ಮತ್ತು ‘ರಿಪ್ಲೈ ಟು’ ಸಾಲುಗಳನ್ನು ಹೋಲಿಸಿ. ಮೇಲ್ ಬಂದದ್ದು ದೊಡ್ಡ ಸಂಸ್ಥೆಯ ಹೆಸರಿನಿಂದ, ನಿಮ್ಮ ಉತ್ತರ ಹೋಗುವುದು ಯಾವುದೋ ಉಚಿತ ಮೇಲ್ ಖಾತೆಗೆ ಎಂದಾದರೆ ಅಲ್ಲಿಗೆ ಮುಗಿಯಿತು. ‘ರಿಟರ್ನ್ ಪಾಥ್’ (ತಲುಪದ ಮೇಲ್ ಹಿಂತಿರುಗುವ ವಿಳಾಸ) ಬೇರೆಯಾಗಿದ್ದರೆ ಅಷ್ಟಕ್ಕೇ ಗಾಬರಿ ಬೇಡ. ಅಸಲಿ ಸಂಸ್ಥೆಗಳೂ ಲಕ್ಷಗಟ್ಟಲೆ ಮೇಲ್ ಕಳಿಸಲು ಹೊರಗಿನ ಸೇವೆ ಬಳಸುವುದರಿಂದ ಅದು ಬದಲಾಗಿರುತ್ತದೆ. ‘ರಿಸೀವ್ಡ್’ ಸಾಲುಗಳು ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತವೆ. ಮೇಲಿನವನ್ನು ನಿಮ್ಮದೇ ಮೇಲ್ ಸೇವೆ ಬರೆದಿರುತ್ತದೆ, ಕೆಳಗಿನವನ್ನು ವಂಚಕ ತಾನೇ ಬರೆದು ಸೇರಿಸಿರಬಹುದು.

ಇನ್ನು, ಮೇಲ್ ನಿಜಕ್ಕೂ ತಾನು ಹೇಳಿಕೊಂಡ ಕಡೆಯಿಂದಲೇ ಬಂದಿದೆಯೇ ಎಂದು ನಿಮ್ಮ ಮೇಲ್ ಸೇವೆ ನಡೆಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳು. ಡಿಮಾರ್ಕ್ ‘ಫೇಲ್’ ಎಂದಿದ್ದರೆ ಆ ಮೇಲ್ ತಾನು ಹೇಳಿಕೊಂಡ ಡೊಮೇನ್‌ನಿಂದ ಬಂದಿಲ್ಲ ಎಂಬ ಗಟ್ಟಿ ಅನುಮಾನ. ‘ಪಾಸ್’ ಎಂದಿದ್ದರೆ? ಅದು ಅದೇ ಡೊಮೇನ್‌ನಿಂದ ಬಂದಿದೆ ಎಂದಷ್ಟೇ. ಆ ಡೊಮೇನ್ ವಂಚಕನೇ ಕೊಂಡದ್ದಾದರೆ ಮೂರಕ್ಕೆ ಮೂರೂ ಪಾಸ್ ಆಗಿ ನಿಲ್ಲುತ್ತವೆ. ಫೇಲಾದದ್ದನ್ನು ತಿರಸ್ಕರಿಸಲು ಹೆಡರ್ ಸಾಕು, ಪಾಸಾದದ್ದನ್ನು ಒಪ್ಪಿಕೊಳ್ಳಲು ಸಾಲದು.

ಪ್ರಶ್ನೆ: ಹಣ ಕೇಳದೆ, ‘ದುರಂತದ ವಿಡಿಯೊ ನೋಡಿ’, ‘ಸಂತ್ರಸ್ತರ ಪಟ್ಟಿ ಲಗತ್ತಿಸಿದೆ’ ಎಂದು ಬರುವ ಮೇಲ್‌ಗಳಿಂದ ಏನು ಲಾಭ ಅವರಿಗೆ?

ಉತ್ತರ: ನಿಮ್ಮ ಕಂಪ್ಯೂಟರ್. 2004ರ ಡಿಸೆಂಬರ್ 26ರ ಸುನಾಮಿ ಮುಗಿದು ಮೂರು ವಾರ ಕಳೆಯುವಷ್ಟರಲ್ಲಿ ‘ಸುನಾಮಿ ದೇಣಿಗೆ! ದಯವಿಟ್ಟು ಸಹಾಯ ಮಾಡಿ!’ ಎಂಬರ್ಥದ ಶೀರ್ಷಿಕೆಯ ಇಂಗ್ಲಿಷ್ ಮೇಲ್ ಜಗತ್ತಿನಾದ್ಯಂತ ಹರಿದಾಡಿತು. ಲಗತ್ತಿನ ಹೆಸರು ‘ಸುನಾಮಿ ಡಾಟ್ ಇಎಕ್ಸ್‌ಇ’ (ಇಎಕ್ಸ್‌ಇ ಎಂದರೆ ತೆರೆದ ಕೂಡಲೇ ಓಡುವ ಪ್ರೋಗ್ರಾಂ). ತೆರೆದವರ ಕಂಪ್ಯೂಟರ್‌ನಿಂದ ಅವರ ಪರಿಚಯದವರಿಗೆಲ್ಲ ತನ್ನನ್ನೇ ಕಳಿಸಿಕೊಂಡು, ಜರ್ಮನಿಯ ಒಂದು ಜಾಲತಾಣದ ಮೇಲೆ ದಾಳಿ ನಡೆಸಲು ಆ ಕಂಪ್ಯೂಟರನ್ನು ಬಳಸಿಕೊಳ್ಳುವ ಹುಳು ಅದು. 2007ರ ಜನವರಿಯಲ್ಲಿ ಯುರೋಪಿಗೆ ಕಿರಿಲ್ ಬಿರುಗಾಳಿ ಅಪ್ಪಳಿಸಿದಾಗ ‘230 ಸಾವು’ ಎಂಬ ಶೀರ್ಷಿಕೆಯಲ್ಲಿ ಇನ್ನೊಂದು ಬಂತು. ನಿಜವಾದ ಸಾವಿನ ಸಂಖ್ಯೆ ಅದರ ಕಾಲು ಭಾಗಕ್ಕಿಂತ ಕಡಿಮೆ. ಆದರೆ ‘ಪೂರ್ತಿ ಸುದ್ದಿ’ ಎಂದು ತೆರೆದವರ ಕಂಪ್ಯೂಟರ್‌ಗಳು ಸ್ಪ್ಯಾಮ್ ಕಳಿಸುವ ಒಂದು ದೊಡ್ಡ ಗುಲಾಮ ಪಡೆ ಸೇರಿದವು. ಸ್ಟಾರ್ಮ್ ವರ್ಮ್ ಎಂಬ ಹೆಸರು ಅದಕ್ಕೆ ಬಂದದ್ದು ಈ ಬಿರುಗಾಳಿಯಿಂದಲೇ.

ಈಗ ಇಎಕ್ಸ್‌ಇ ಲಗತ್ತುಗಳನ್ನು ಮೇಲ್ ಸೇವೆಗಳೇ ತಡೆಯುತ್ತವೆ. ಹಾಗಾಗಿ ಪಾಸ್‌ವರ್ಡ್ ಹಾಕಿದ ಜಿಪ್, ಮ್ಯಾಕ್ರೊ (ಒಳಗೆ ಅಡಗಿಸಿಟ್ಟ ಪುಟ್ಟ ಪ್ರೋಗ್ರಾಂ) ಇರುವ ವರ್ಡ್ ಮತ್ತು ಎಕ್ಸೆಲ್ ಕಡತ, ಎಚ್‌ಟಿಎಂಎಲ್ (ವೆಬ್ ಪುಟದ) ಕಡತ, ಮೊಬೈಲ್‌ಗೆ ಎಪಿಕೆ (ಆ್ಯಪ್ ಅಳವಡಿಸುವ ಕಡತ), ಇವುಗಳ ವೇಷದಲ್ಲಿ ಬರುತ್ತವೆ. ಪಿಡಿಎಫ್ ಒಳಗೆ ಕ್ಯುಆರ್ ಕೋಡ್ ಇಟ್ಟು ಕಳಿಸುವುದೂ ಉಂಟು. ಚಿತ್ರದೊಳಗಿನ ಲಿಂಕ್ ಮೇಲ್ ಸೋಸುವ ಯಂತ್ರಕ್ಕೆ ಸುಲಭಕ್ಕೆ ಕಾಣುವುದಿಲ್ಲ, ಮತ್ತು ನೀವು ಅದನ್ನು ಕಾವಲಿರುವ ಕಂಪ್ಯೂಟರ್ ಬಿಟ್ಟು ಮೊಬೈಲ್‌ನಲ್ಲಿ ತೆರೆಯುತ್ತೀರಿ. ದೇಣಿಗೆ ಕೊಡಲು ಲಗತ್ತನ್ನು ತೆರೆಯಲೇಬೇಕಾದ ಸಂದರ್ಭ ಯಾವುದೂ ಇಲ್ಲ.

ಪ್ರಶ್ನೆ: ಕಾಗುಣಿತ ತಪ್ಪಿದ್ದರೆ ಮೋಸದ ಮೇಲ್ ಎಂದು ಹಿಂದೆ ಎಲ್ಲೋ ಓದಿದ್ದೆ. ಈಗಲೂ ಅದು ಸರಿಯೇ?

ಉತ್ತರ: ತಪ್ಪಿದ್ದರೆ ಅನುಮಾನಿಸಿ, ತಪ್ಪಿಲ್ಲದಿದ್ದರೆ ನಂಬಬೇಡಿ. ‘ಕೋಟ್ಯಂತರ ಡಾಲರ್ ಇದೆ, ನಿಮಗೆ ಪಾಲು’ ಎನ್ನುವ ಪತ್ರಗಳು ಅಷ್ಟೊಂದು ಒಡ್ಡೊಡ್ಡಾಗಿ ಏಕಿರುತ್ತವೆ ಎಂಬುದನ್ನು ಮೈಕ್ರೊಸಾಫ್ಟ್ ರಿಸರ್ಚ್‌ನ ಕಾರ್ಮಾಕ್ ಹರ್ಲಿ 2012ರಲ್ಲಿ ವಿವರಿಸಿದ್ದರು. ಅನುಮಾನದ ಸ್ವಭಾವದವರು ಓದಿದ ಕೂಡಲೇ ನಕ್ಕು ಬಿಟ್ಟುಬಿಡಲಿ, ತೀರಾ ನಂಬುವವರಷ್ಟೇ ಉತ್ತರಿಸಲಿ. ಆಗ ವಾರಗಟ್ಟಲೆ ಮಾತುಕತೆಗೆ ಸುರಿಯುವ ಶ್ರಮ ದಂಡವಾಗುವುದಿಲ್ಲ ಎಂಬ ಲೆಕ್ಕಾಚಾರ. ದೇಣಿಗೆ ಮೇಲ್‌ನಲ್ಲಿ ಮಾತುಕತೆಯೇ ಇಲ್ಲ, ಒಂದು ಕ್ಲಿಕ್‌ನ ಕೆಲಸ. ಅಲ್ಲಿ ಸೋಸುವ ಅಗತ್ಯವಿಲ್ಲದ್ದರಿಂದ ಅಸಲಿ ಸಂಸ್ಥೆಯ ಪುಟವನ್ನೇ ಅಕ್ಷರ ಬಿಡದೆ ನಕಲಿಸುತ್ತಾರೆ. ಎಐ ಬಂದ ಮೇಲಂತೂ ಎಲ್ಲ ಭಾಷೆಯಲ್ಲೂ ಚೊಕ್ಕವಾಗಿ ಬರೆಯುತ್ತಾರೆ.

ಚಿತ್ರದ್ದೂ ಅದೇ ಕಥೆ. 2023ರ ಫೆಬ್ರುವರಿ 6ರ ಟರ್ಕಿ–ಸಿರಿಯಾ ಭೂಕಂಪದ ನಂತರ, ಅವಶೇಷಗಳ ನಡುವೆ ಮಗುವನ್ನು ಎತ್ತಿಕೊಂಡ ಅಗ್ನಿಶಾಮಕನ ಚಿತ್ರವೊಂದನ್ನು ಕ್ರಿಪ್ಟೊ ವಾಲೆಟ್ ವಿಳಾಸದ ಜೊತೆ ಹರಿಬಿಟ್ಟರು. ಎಐ ಬರೆದ ಚಿತ್ರ ಅದು, ಎಣಿಸಿ ನೋಡಿದರೆ ಕೈಗೆ ಆರು ಬೆರಳು! ಆದರೆ ಬೆರಳು ಎಣಿಸುವ ಕಾಲ ಹೆಚ್ಚು ದಿನ ಉಳಿಯುವುದಿಲ್ಲ, ಈಗಿನ ಯಂತ್ರಗಳು ಐದನ್ನೇ ಬರೆಯುತ್ತವೆ.

ಪ್ರಶ್ನೆ: ‘ವಿಮಾನ ಅಪಘಾತದಲ್ಲಿ ಇಡೀ ಕುಟುಂಬ ತೀರಿಕೊಂಡಿದೆ, ವಾರಸುದಾರರಿಲ್ಲದ ಹಣ ಬ್ಯಾಂಕಿನಲ್ಲಿದೆ’ ಎಂಬ ಮೇಲ್ ಬಂದಿದೆ. ಜೊತೆಗಿದ್ದ ಸುದ್ದಿ ಲಿಂಕ್ ಒತ್ತಿ ನೋಡಿದರೆ ಅದು ಹೆಸರಾಂತ ಸುದ್ದಿಸಂಸ್ಥೆಯ ಅಸಲಿ ಪುಟವೇ!

ಉತ್ತರ: ಅಸಲಿ ಪುಟವೇ ಇರುತ್ತದೆ. ಮೋಸಕ್ಕೆ ಸಾಕ್ಷಿಯಾಗಿ ನಿಜವನ್ನೇ ನಿಲ್ಲಿಸುವ ಹಳೆಯ ಉಪಾಯ ಇದು. 2000ರ ಜುಲೈ 25ರಂದು ಪ್ಯಾರಿಸ್ ಬಳಿ ಕಾಂಕಾರ್ಡ್ ವಿಮಾನ ಬಿದ್ದು 113 ಮಂದಿ ಸತ್ತರು. ಮೃತ ಪ್ರಯಾಣಿಕರ ನಿಜವಾದ ಹೆಸರನ್ನೇ ಎತ್ತಿಕೊಂಡು, ಸುದ್ದಿಯ ಲಿಂಕ್ ಹಾಕಿ, ‘ಇವರ ಹಣ ಇಲ್ಲಿದೆ’ ಎಂಬ ಮೇಲ್‌ಗಳು ವರ್ಷಗಟ್ಟಲೆ ಓಡಾಡಿದವು. ಇಂಥವಕ್ಕೆ ‘419’ ಎಂಬ ಅಡ್ಡಹೆಸರು ಬಂದದ್ದು ವಂಚನೆಗೆ ಸಂಬಂಧಿಸಿದ ನೈಜೀರಿಯಾದ ಅಪರಾಧ ಸಂಹಿತೆಯ ಕಲಮಿನಿಂದ. ವಕೀಲರ ಫೀಸು, ತೆರಿಗೆ, ವರ್ಗಾವಣೆ ಶುಲ್ಕ ಎಂದು ಮುಂಗಡ ಕೇಳುತ್ತಾ ಹೋಗುತ್ತಾರೆ, ಪ್ರತಿಯೊಂದೂ ‘ಇದೇ ಕೊನೆಯದು’. ಉತ್ತರಿಸಬೇಡಿ. ಚೇಷ್ಟೆಗೂ ಬೇಡ, ಪಾಠ ಕಲಿಸುವುದಕ್ಕೂ ಬೇಡ. ಉತ್ತರ ಹೋದ ಕೂಡಲೇ ನಿಮ್ಮ ವಿಳಾಸ ‘ಜೀವಂತ’ ಪಟ್ಟಿಗೆ ಏರಿ ಕೈಯಿಂದ ಕೈಗೆ ಮಾರಾಟವಾಗುತ್ತದೆ.

ಪ್ರಶ್ನೆ: ಭೂಕಂಪವಾದ ದೇಶದಲ್ಲಿದ್ದ ಗೆಳೆಯನ ಖಾತೆಯಿಂದಲೇ ‘ಸಿಕ್ಕಿಹಾಕಿಕೊಂಡಿದ್ದೇನೆ, ಹಣ ಕಳಿಸು’ ಎಂದು ಮೇಲ್. ಕಚೇರಿಯಲ್ಲಿ ಮೇಲಧಿಕಾರಿಯ ಹೆಸರಲ್ಲಿ ‘ಸಂತ್ರಸ್ತರಿಗೆ ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸು’ ಎಂದು ಇನ್ನೊಂದು. ನಂಬದಿರುವುದೂ ತಪ್ಪಾಗಬಹುದಲ್ಲ?

ಉತ್ತರ: ಮೊದಲನೆಯದಕ್ಕೆ, ಗೆಳೆಯನ ಮೇಲ್ ಖಾತೆಯನ್ನೇ ಯಾರೋ ಕದ್ದಿರಬಹುದು. ಮೇಲ್‌ಗೆ ಉತ್ತರಿಸಿ ವಿಚಾರಿಸಿದರೆ ‘ಹೌದು ನಾನೇ’ ಎಂದು ಕಳ್ಳನೇ ಹೇಳುತ್ತಾನೆ. ನಿಮ್ಮ ಫೋನಿನಲ್ಲಿ ಮೊದಲಿಂದ ಇರುವ ನಂಬರ್‌ಗೆ ಕರೆ ಮಾಡಿ. ಸಿಗದಿದ್ದರೆ ಅವರ ಮನೆಯವರಿಗೆ ಮಾಡಿ. ‘ಫೋನ್ ಹಾಳಾಗಿದೆ, ಹೊಸ ನಂಬರ್ ಇದು’ ಎಂದು ಮೇಲ್‌ನಲ್ಲೇ ಕೊಟ್ಟ ನಂಬರ್ ಲೆಕ್ಕಕ್ಕಿಲ್ಲ, ಈಗ ಧ್ವನಿಯನ್ನೂ ನಕಲು ಮಾಡುತ್ತಾರೆ. ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ, ಎಲ್ಲೂ ಬರೆದಿರದ ಸಂಗತಿಯೊಂದನ್ನು ಕೇಳಿ. ಎರಡನೆಯದಕ್ಕೆ ವಿಚಾರಣೆಯೂ ಬೇಡ. ಗಿಫ್ಟ್ ಕಾರ್ಡ್‌ನ ಹಿಂಬದಿಯ ನಂಬರನ್ನು ಕೆರೆದು ಫೋಟೊ ಕಳಿಸಿ ಎನ್ನುವ ಪರಿಹಾರ ಕಾರ್ಯ ಜಗತ್ತಿನಲ್ಲಿ ಇಲ್ಲ.

ಪ್ರಶ್ನೆ: ಕಾಣೆಯಾದವರನ್ನು ಹುಡುಕಿಕೊಡುತ್ತೇವೆ, ನೋಂದಣಿ ಶುಲ್ಕ ಕಟ್ಟಿ ಎನ್ನುತ್ತಾರೆ. ಪರಿಹಾರ ಮಂಜೂರಾಗಿದೆ, ಪ್ರೊಸೆಸಿಂಗ್ ಫೀಸ್ ಕಟ್ಟಿ ಎಂದೂ ಬರುತ್ತದೆ.

ಉತ್ತರ: ಸಂತ್ರಸ್ತರನ್ನೇ ಸುಲಿಯುವ ಈ ಬಗೆ ಎಲ್ಲಕ್ಕಿಂತ ಹೀನ. 2004ರ ಸುನಾಮಿಯ ನಂತರ ಅಮೆರಿಕದ ಎಫ್‌ಬಿಐ ಇಂಥ ‘ಹುಡುಕಿಕೊಡುವ’ ಮೇಲ್‌ಗಳ ಬಗ್ಗೆಯೇ ಎಚ್ಚರಿಸಿತ್ತು. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಮತ್ತು ಆಯಾ ದೇಶದ ರೆಡ್‌ಕ್ರಾಸ್, ರೆಡ್ ಕ್ರೆಸೆಂಟ್ ಸಂಘಗಳು ಅಗಲಿದ ಕುಟುಂಬಗಳನ್ನು ಸೇರಿಸುವ ಕೆಲಸವನ್ನು ಶುಲ್ಕವಿಲ್ಲದೆ ಮಾಡುತ್ತವೆ. ಪರಿಹಾರದ ಹಣ ಪಡೆಯಲು ಮೊದಲು ಹಣ ಕಟ್ಟಿ ಎಂದರೆ ಅದು ಪರಿಹಾರವಲ್ಲ. ಅರ್ಜಿಯ ನೆಪದಲ್ಲಿ ಗುರುತಿನ ಚೀಟಿ, ಬ್ಯಾಂಕ್ ವಿವರ ಕೇಳಿ, ನಿಮ್ಮ ಹೆಸರಲ್ಲಿ ತಾವೇ ಪರಿಹಾರ ಪಡೆದ ಪ್ರಕರಣಗಳೂ ಇವೆ.

ಪ್ರಶ್ನೆ: ನಕಲಿ ಪುಟದಲ್ಲಿ ಕಾರ್ಡ್ ವಿವರ, ಓಟಿಪಿ ಎರಡನ್ನೂ ಕೊಟ್ಟಾಯಿತು. ಕಡಿತವಾದದ್ದು ಸಣ್ಣ ಮೊತ್ತ. ಸುಮ್ಮನಿದ್ದುಬಿಡಲೇ?

ಉತ್ತರ: ಖಂಡಿತ ಬೇಡ. ಸಣ್ಣ ಮೊತ್ತ ಬರೀ ರುಚಿ ನೋಡಿದ್ದು. ಕಾರ್ಡ್ ಕೆಲಸ ಮಾಡುತ್ತದೆ ಎಂದು ಖಾತ್ರಿಯಾದ ಮೇಲೆ ಅದನ್ನು ಬೇರೆಯವರಿಗೆ ಮಾರುತ್ತಾರೆ, ದೊಡ್ಡ ಕಡಿತ ದಿನಗಳೋ ವಾರಗಳೋ ಕಳೆದು ಬರುತ್ತದೆ.

ಕಾರ್ಡ್‌ನ ಹಿಂಬದಿಯಲ್ಲಿ ಅಚ್ಚಾಗಿರುವ ನಂಬರ್‌ಗೆ ಈಗಲೇ ಕರೆ ಮಾಡಿ ಕಾರ್ಡ್ ನಿಲ್ಲಿಸಿ. ಹುಡುಕಿ ಸಿಕ್ಕಿದ ‘ಕಸ್ಟಮರ್ ಕೇರ್’ ನಂಬರ್‌ಗೆ ಬೇಡ, ಅಲ್ಲೂ ನಕಲಿ ಕುಳಿತಿರುತ್ತದೆ. ತಾತ್ಕಾಲಿಕ ತಡೆ ಸಾಲದು, ಹೊಸ ನಂಬರಿನ ಕಾರ್ಡ್ ಕೇಳಿ. ಕಡಿತವನ್ನು ‘ವಿವಾದಿತ’ ಎಂದು ಬರಹದಲ್ಲಿ ದಾಖಲಿಸಿ ದೂರಿನ ಸಂಖ್ಯೆ ಪಡೆಯಿರಿ. ಹಣ ಬ್ಯಾಂಕ್ ವರ್ಗಾವಣೆಯಿಂದ ಹೋಗಿದ್ದರೆ ನಿಮಿಷಗಳ ಲೆಕ್ಕ. ಅದು ಬಾಡಿಗೆ ಖಾತೆಗಳ ಸರಪಳಿಯಲ್ಲಿ ಹಂಚಿಹೋಗುವ ಮೊದಲು ಬ್ಯಾಂಕ್ ಮತ್ತು ಸೈಬರ್ ಅಪರಾಧ ಪೊಲೀಸರು ಇಬ್ಬರಿಗೂ ತಿಳಿಸಬೇಕು. ಗಿಫ್ಟ್ ಕಾರ್ಡ್ ಆದರೆ ರಸೀದಿ ಸಮೇತ ಅದನ್ನು ಕೊಟ್ಟ ಕಂಪನಿಗೆ ತಿಳಿಸಿ, ಬಳಸದೆ ಉಳಿದ ಮೊತ್ತವಿದ್ದರೆ ತಡೆದಾರು.

ಮೇಲ್‌ನ ಪಾಸ್‌ವರ್ಡ್ ಕೂಡ ಅಲ್ಲಿ ಕೊಟ್ಟಿದ್ದರೆ ಬೇರೆ ಸಾಧನದಿಂದ ಬದಲಿಸಿ, ಎಲ್ಲ ಕಡೆ ಲಾಗ್‌ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಹಾಕಿ. ಬಹಳ ಮಂದಿ ಇಲ್ಲಿಗೆ ನಿಲ್ಲಿಸುತ್ತಾರೆ, ಅಲ್ಲೇ ಎಡವುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ‘ಫಿಲ್ಟರ್’ ಮತ್ತು ‘ಫಾರ್ವರ್ಡಿಂಗ್’ ತೆರೆದು ನೋಡಿ. ಬ್ಯಾಂಕಿನಿಂದ ಬರುವ ಮೇಲ್ ನಿಮಗೆ ಕಾಣದಂತೆ ಅಳಿಸುವ, ಅಥವಾ ಪ್ರತಿಯೊಂದರ ನಕಲು ಹೊರಗೆ ಕಳಿಸುವ ನಿಯಮವನ್ನು ಅಲ್ಲಿ ಇಟ್ಟುಹೋಗಿರುತ್ತಾರೆ. ಪಾಸ್‌ವರ್ಡ್ ಬದಲಿಸಿದರೂ ಆ ನಿಯಮ ಅಳಿಯುವುದಿಲ್ಲ. ಮರುಪ್ರಾಪ್ತಿಗೆ ಕೊಟ್ಟಿರುವ ಫೋನ್ ನಂಬರ್, ಇಮೇಲ್ ನಿಮ್ಮವೇ ಹೌದೇ ಎಂದೂ ನೋಡಿ.

ಸಿಟ್ಟಿನಲ್ಲಿ ಆ ಮೇಲ್ ಅಳಿಸಬೇಡಿ. ಸುಮ್ಮನೆ ಫಾರ್ವರ್ಡ್ ಮಾಡಿದರೆ ಮೂಲ ಹೆಡರ್ ಕಳೆದುಹೋಗುತ್ತದೆ. ‘ಇಎಂಎಲ್’ ಕಡತವಾಗಿ ಇಳಿಸಿಕೊಂಡು ಅಥವಾ ಲಗತ್ತಾಗಿ ಸೇರಿಸಿ ಪೊಲೀಸರಿಗೆ ಕೊಡಿ. ನಕಲಿ ಪುಟದ ಸ್ಕ್ರೀನ್‌ಶಾಟ್ ತೆಗೆಯುವಾಗ ಪೂರ್ತಿ ವಿಳಾಸ, ದಿನಾಂಕ, ಸಮಯ ಕಾಣುವಂತಿರಲಿ. ಯಾರ ಹೆಸರನ್ನು ಬಳಸಿದ್ದಾರೋ ಆ ಸಂಸ್ಥೆಗೂ ತಿಳಿಸಿ, ಪುಟವನ್ನು ಕೆಳಗಿಳಿಸಲು ಅವರಿಗೇ ಹೆಚ್ಚು ದಾರಿಗಳಿವೆ.

ಕೆಲವು ವಾರಗಳಲ್ಲಿ ಇನ್ನೊಂದು ಮೇಲ್ ಬರಬಹುದು: ‘ನೀವು ಕಳೆದುಕೊಂಡ ಹಣ ವಾಪಸ್ ಕೊಡಿಸುತ್ತೇವೆ, ಸಣ್ಣ ಶುಲ್ಕ.’ ನೀವು ಮೋಸಹೋದದ್ದು ಅವರಿಗೆ ಹೇಗೆ ತಿಳಿಯಿತು? ಮೋಸ ಮಾಡಿದವರೇ ಪಟ್ಟಿ ಮಾರಿರುತ್ತಾರೆ, ಅಥವಾ ಅವರೇ ಇವರು.

ಪ್ರಶ್ನೆ: ಕ್ರಿಪ್ಟೊದಲ್ಲಿ ದೇಣಿಗೆ ಕೊಟ್ಟರೆ ಎಲ್ಲ ವ್ಯವಹಾರ ಬಹಿರಂಗ, ಹಾಗಾಗಿ ಮೋಸ ಸಾಧ್ಯವಿಲ್ಲ ಎನ್ನುತ್ತಾನೆ ನನ್ನ ಮಗ.

ಉತ್ತರ: ವ್ಯವಹಾರ ಬಹಿರಂಗ, ವ್ಯವಹರಿಸಿದವನು ಗುಪ್ತ. ಹಣ ಯಾವ ವಾಲೆಟ್‌ಗೆ ಹೋಯಿತು ಎಂದು ಜಗತ್ತೆಲ್ಲ ನೋಡಬಹುದು, ಅದು ಯಾರದ್ದು ಎಂದು ಅಲ್ಲಿ ಬರೆದಿಲ್ಲ, ವಾಪಸ್ ಕೇಳಲು ಬ್ಯಾಂಕೂ ಇಲ್ಲ. ಆದರೆ ಆ ಬಹಿರಂಗತೆಯಿಂದ ಒಂದು ಉಪಯೋಗವಿದೆ, ಮಗನಿಗೆ ಹೇಳಿ. ವಾಲೆಟ್ ವಿಳಾಸವನ್ನು ಹಾಗೇ ನಕಲಿಸಿ ಹುಡುಕಾಟದಲ್ಲಿ ಹಾಕಿ ನೋಡಬೇಕು. ಟರ್ಕಿ ಭೂಕಂಪದ ಹೆಸರಲ್ಲಿ ಹಣ ಕೇಳಿದ ಒಂದು ವಾಲೆಟ್ 2018ರ ವಂಚನೆಯ ಟ್ವೀಟ್‌ಗಳಲ್ಲೇ ಕಾಣಿಸಿಕೊಂಡಿತ್ತು.

ಪ್ರಶ್ನೆ: ನಮ್ಮದು ಪುಟ್ಟ ಸೇವಾ ಸಂಘ. ನಿಜವಾಗಿಯೂ ನಿಧಿ ಸಂಗ್ರಹಿಸುತ್ತಿದ್ದೇವೆ. ಈಗ ನಮ್ಮ ಮೇಲ್ ಅನ್ನೂ ಜನ ಅನುಮಾನದಿಂದ ನೋಡುತ್ತಾರೆ. ಏನು ಮಾಡಬೇಕು?

ಉತ್ತರ: ಅನುಮಾನಿಸುವವರ ಮೇಲೆ ಬೇಸರ ಬೇಡ, ಅವರು ಮಾಡುತ್ತಿರುವುದು ಸರಿ. ವಂಚಕರ ಮೇಲ್‌ನ ಲಕ್ಷಣಗಳು ನಿಮ್ಮ ಮೇಲ್‌ನಲ್ಲಿ ಇಲ್ಲದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಲಗತ್ತು ಬೇಡ, ಮೊಟಕುಗೊಳಿಸಿದ ಲಿಂಕ್ ಬೇಡ, ‘ಇವತ್ತೇ ಕೊನೆ’ ಎಂಬ ಅವಸರ ಬೇಡ. ‘ನಮ್ಮ ಜಾಲತಾಣದ ಮೊದಲ ಪುಟದಲ್ಲಿ ದೇಣಿಗೆಯ ಗುಂಡಿ ಇದೆ, ವಿಳಾಸವನ್ನು ನೀವೇ ಟೈಪ್ ಮಾಡಿ’ ಎಂದು ಬರೆಯಿರಿ. ಪ್ರತಿ ದುರಂತಕ್ಕೆ ಹೊಸ ಡೊಮೇನ್ ಕೊಳ್ಳುವ ಚಪಲ ಬಿಡಿ, ಹಳೆಯ ತಾಣದಲ್ಲೇ ಹೊಸ ಪುಟ ಸೇರಿಸಿ. ಖಾತೆ ಸಂಘದ ಹೆಸರಲ್ಲಿರಲಿ. ಕಾರ್ಯದರ್ಶಿಯ ಸ್ವಂತ ಖಾತೆಗೆ ತಾತ್ಕಾಲಿಕವಾಗಿ ಎಂದರೆ ಅಲ್ಲಿಗೇ ನಂಬಿಕೆ ಹೋಯಿತು. ಎಷ್ಟು ಬಂತು, ಯಾವುದಕ್ಕೆ ಹೋಯಿತು ಎಂದು ಅದೇ ಪುಟದಲ್ಲಿ ದಿನಾಂಕ ಸಮೇತ ಹಾಕುತ್ತಿರಿ.

ನಿಮ್ಮ ಹೆಸರನ್ನೇ ಬಳಸಿ ಇನ್ನೊಬ್ಬರು ಮೇಲ್ ಕಳಿಸದಂತೆ ಡಿಮಾರ್ಕ್ ಹಾಕಿಸಿ. ಪರೀಕ್ಷೆಯಲ್ಲಿ ಫೇಲಾದ ಮೇಲ್ ಅನ್ನು ಏನು ಮಾಡಬೇಕೆಂದು ಅದರಲ್ಲಿ ನೀವೇ ಹೇಳಬಹುದು: ‘ನನ್’ (ಏನೂ ಮಾಡಬೇಡ), ‘ಕ್ವಾರಂಟೈನ್’ (ಸ್ಪ್ಯಾಮ್‌ಗೆ ಹಾಕು), ‘ರಿಜೆಕ್ಟ್’ (ತಿರಸ್ಕರಿಸು). ಒಮ್ಮೆಗೇ ‘ರಿಜೆಕ್ಟ್’ ಇಟ್ಟರೆ ನಿಮ್ಮದೇ ಸುದ್ದಿಪತ್ರ ತಿರಸ್ಕೃತವಾದೀತು. ಮೊದಲು ‘ನನ್’ ಇಟ್ಟು ಕೆಲವು ವಾರ ವರದಿ ಓದಿ, ನಿಮ್ಮ ಪರವಾಗಿ ಮೇಲ್ ಕಳಿಸುವ ಎಲ್ಲ ಸೇವೆಗಳನ್ನೂ ಸರಿಪಡಿಸಿ, ‘ಕ್ವಾರಂಟೈನ್’ ಮೂಲಕ ‘ರಿಜೆಕ್ಟ್’ಗೆ ಏರಿ.

ಇನ್ನೊಂದನ್ನು ಸಣ್ಣ ಸಂಘಗಳು ಎಣಿಸಿಯೇ ಇರುವುದಿಲ್ಲ. ಕದ್ದ ಕಾರ್ಡ್‌ಗಳು ಜೀವಂತವಿವೆಯೇ ಎಂದು ಪರೀಕ್ಷಿಸಲು ವಂಚಕರಿಗೆ ಅಸಲಿ ದೇಣಿಗೆ ಪುಟಗಳೇ ಇಷ್ಟ, ಏಕೆಂದರೆ ಅಲ್ಲಿ ಎಷ್ಟು ಚಿಕ್ಕ ಮೊತ್ತವನ್ನೂ ತೆಗೆದುಕೊಳ್ಳುತ್ತಾರೆ. ಒಂದು ರಾತ್ರಿಯಲ್ಲಿ ನೂರಾರು ಪುಡಿ ದೇಣಿಗೆ ಬಂದಿದ್ದರೆ ಸಂತೋಷಪಡಬೇಡಿ. ಕಾರ್ಡ್‌ನ ನಿಜವಾದ ಮಾಲೀಕರು ದೂರಿದಾಗ ಅಷ್ಟನ್ನೂ ಹಿಂತಿರುಗಿಸುವುದಲ್ಲದೆ ಪ್ರತಿಯೊಂದಕ್ಕೂ ದಂಡಶುಲ್ಕ ತೆರಬೇಕಾಗುತ್ತದೆ. ಕನಿಷ್ಠ ಮೊತ್ತ ನಿಗದಿಪಡಿಸಿ, ಕ್ಯಾಪ್ಚಾ (ಬಂದದ್ದು ಮನುಷ್ಯನೋ ಯಂತ್ರವೋ ಎಂದು ನೋಡುವ ಪರೀಕ್ಷೆ) ಹಾಕಿ, ಒಂದೇ ಕಡೆಯಿಂದ ಪದೇ ಪದೇ ಬರುವ ಪ್ರಯತ್ನಗಳಿಗೆ ಮಿತಿ ಇಡಿ.

ಪ್ರಶ್ನೆ: ಎಸ್‌ಎಂಎಸ್‌ನಲ್ಲಿ ಬಂದ ಸಣ್ಣ ನಂಬರ್‌ಗೆ ಸಂದೇಶ ಕಳಿಸಿದರೆ ದೇಣಿಗೆ ಹೋಗುತ್ತದಂತೆ. ಇದಂತೂ ಮೋಸವೇ ಇರಬೇಕು?

ಉತ್ತರ: ಮೋಸವೇ ಆಗಿರಬೇಕಿಲ್ಲ. 2010ರ ಜನವರಿ 12ರ ಹೈಟಿ ಭೂಕಂಪದ ನಂತರ ಅಮೆರಿಕನ್ ರೆಡ್‌ಕ್ರಾಸ್ 90999 ಎಂಬ ನಂಬರ್‌ಗೆ ಒಂದೇ ಪದದ ಸಂದೇಶ ಕಳಿಸಿದರೆ ಫೋನ್ ಬಿಲ್ಲಿಗೆ 10 ಡಾಲರ್ ಸೇರಿಸಿಕೊಂಡು, ಆ ದಾರಿಯಲ್ಲೇ 3 ಕೋಟಿ ಡಾಲರ್‌ಗೂ ಹೆಚ್ಚು ಸಂಗ್ರಹಿಸಿತ್ತು. ಆ ನಂಬರನ್ನು ಸಂಸ್ಥೆಯ ಸ್ವಂತ ತಾಣದಲ್ಲಿ ನೋಡಿ ಕಳಿಸಿದವರ ಹಣ ಸರಿಯಾಗಿಯೇ ಮುಟ್ಟಿತು. ನಿಮಗೆ ಬಂದ ನಂಬರ್ ಸಂಸ್ಥೆಯ ತಾಣದಲ್ಲಿ ಇದೆಯೇ? ಇದ್ದರೆ ಕಳಿಸಿ.

ಪ್ರಶ್ನೆ: ಅಂಥ ಮೇಲ್‌ನ ಕೆಳಗೆ ‘ಅನ್‌ಸಬ್‌ಸ್ಕ್ರೈಬ್’ ಇದೆ. ಒತ್ತಿದರೆ ನಿಲ್ಲುತ್ತದೆಯೇ?

ಉತ್ತರ: ನೀವೇ ಸೇರಿಕೊಂಡಿದ್ದ ಪಟ್ಟಿಯಾದರೆ ನಿಲ್ಲುತ್ತದೆ. ಗೊತ್ತಿಲ್ಲದವರದ್ದಾದರೆ ಆ ಗುಂಡಿಯೂ ಒಂದು ಲಿಂಕ್. ಅದನ್ನು ಒತ್ತದೆ, ಮೇಲ್ ಸೇವೆಯಲ್ಲೇ ಇರುವ ‘ರಿಪೋರ್ಟ್ ಫಿಶಿಂಗ್’ ಬಳಸಿ. ಬರೀ ‘ಸ್ಪ್ಯಾಮ್’ ಎಂದು ಗುರುತಿಸುವುದಕ್ಕಿಂತ ಅದು ಮೇಲು, ಏಕೆಂದರೆ ಸ್ಪ್ಯಾಮ್ ಎಂದರೆ ಬೇಡದ ಪತ್ರ, ಫಿಶಿಂಗ್ ಎಂದರೆ ಕಳ್ಳತನದ ದೂರು.